ವ್ಯಾಪಾರದ ದಾವೆ: ಯಾವ ಗಡುವು ಜಗ್ಗುತ್ತದೆ, ಯಾವುದು ಜಗ್ಗೋದಿಲ್ಲ

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿರುವ ಒಬ್ಬರು ವಸಂತನರಸಾಪುರದ ಒಂದು ಸಿಹಿತಿಂಡಿ ಕಂಪನಿಗೆ ಸಾಲದ ಮೇಲೆ ಮಾಲು ಕಳಿಸಿದ್ದಾರೆ ಎಂದುಕೊಳ್ಳಿ. ಬಾಕಿ 14 ಲಕ್ಷ. ಮೊದಮೊದಲು ಫೋನ್ ಮಾಡಿದರೆ "ಮುಂದಿನ ವಾರ ಹಾಕಿಸ್ತೀನಿ ಅಣ್ಣ" ಎನ್ನುತ್ತಿದ್ದವರು ಈಗ ಫೋನೇ ಎತ್ತುತ್ತಿಲ್ಲ. ದಾವೆ ಹಾಕದೆ ಬೇರೆ ದಾರಿ ಇಲ್ಲ.

ಮಂಡಿಯವರಿಗೆ ಕೋರ್ಟೇನೂ ಹೊಸದಲ್ಲ. ಜಮೀನಿನ ಭಾಗದ ಕೇಸಿಗೆ ಅಪ್ಪನ ಕಾಲದಿಂದ ಓಡಾಡಿದ್ದಾರೆ. ಬೆಳಿಗ್ಗೆ ಹೋಗುವುದು, ಹೆಸರು ಕೂಗುವವರೆಗೆ ಕಾಯುವುದು, ವಕೀಲರು ಹೊರಗೆ ಬಂದು "ಡೇಟ್ ತಗೊಂಡಿದೀನಿ ಯಜಮಾನ್ರೇ, ಮುಂದಿನ ತಿಂಗಳು ಬನ್ನಿ" ಅನ್ನುವುದು, ವಾಪಸ್ ಬಸ್ ಹತ್ತುವುದು. ಇದೂ ಅದೇ ಥರ ನಡೆಯುತ್ತದೆ ಎಂದು ಅವರು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಬಂದವರೇ ಇಲ್ಲಿ ಜಾಸ್ತಿ ಪೆಟ್ಟು ತಿನ್ನುವುದು, ಯಾಕೆಂದರೆ ವ್ಯಾಪಾರದ ದಾವೆಗೆ ಬೇರೆಯದೇ ಕಾನೂನಿದೆ, ಅದರಲ್ಲಿ ಕೆಲವು ಗಡುವು ದಾಟಿದರೆ ಜಡ್ಜ್ ಮನಸ್ಸು ಮಾಡಿದರೂ ಏನೂ ಮಾಡಲಾಗುವುದಿಲ್ಲ.

ಆ ಕಾನೂನು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ. ಮೊದಲು ಇದು 1 ಕೋಟಿ ಮತ್ತು ಅದಕ್ಕೂ ಮೇಲಿನ ವ್ಯವಹಾರಕ್ಕೆ ಮಾತ್ರ ಇತ್ತು. ಹಾಗಾಗಿ ನಮ್ಮ ಕಡೆಯ ಮಂಡಿಯವರು, ಮಿಲ್ಲಿನವರು ತಲೆ ಕೆಡಿಸಿಕೊಂಡಿರಲಿಲ್ಲ. 2018ರಲ್ಲಿ ತಿದ್ದುಪಡಿ ಮಾಡಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. 3 ಲಕ್ಷ ಅಂದರೆ ಇವತ್ತು ಎಷ್ಟು ಲೋಡಿನ ಮಾತು ಹೇಳಿ! ಮಾಲು ಮಾರಾಟ, ಸರ್ವಿಸ್ ಕೊಟ್ಟ ಬಾಕಿ, ಪಾಲುದಾರಿಕೆ ಜಗಳ, ವ್ಯಾಪಾರಕ್ಕೇ ಬಳಸುವ ಗೋಡೌನಿನ ಕರಾರು, ಇಂಥವೆಲ್ಲ ಇದರೊಳಗೆ ಬರುತ್ತವೆ. ಹೀಗಾಗಿ ಮಂಡಿಯವರ 14 ಲಕ್ಷದ ದಾವೆ ಮಾಮೂಲಿ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ, ಜಿಲ್ಲೆಯಲ್ಲಿ ವಾಣಿಜ್ಯ ನ್ಯಾಯಾಲಯ ಎಂದು ಗುರುತಿಸಿರುವ ಕೋರ್ಟಿಗೆ ಹೋಗಬೇಕು. ತಪ್ಪಿ ಬೇರೆ ಕಡೆ ಹಾಕಿದರೆ, ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಎಂದು ಕಾಗದ ವಾಪಸ್ ಕೊಡುತ್ತಾರೆ. ಅಲ್ಲಿಗೆ ಒಂದಷ್ಟು ತಿಂಗಳು ಹೋದಂತೆ.

ಈ ಇಡೀ ವಿಷಯದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ. ಗಡುವು ಎರಡು ಥರ ಇರುತ್ತದೆ. ಒಂದು ಕಾನೂನೇ ಬರೆದಿಟ್ಟಿದ್ದು. ಇನ್ನೊಂದು ಜಡ್ಜ್ ನಿಮ್ಮ ಕೇಸಿಗೆ ಅಂತ ಕೂತು ಹಾಕಿಕೊಡುವುದು. ಮೊದಲನೆಯದರಲ್ಲಿ ಕೆಲವು ಸ್ವಲ್ಪ ಜಗ್ಗುತ್ತವೆ, ಕೆಲವು ಒಂದು ದಿನವೂ ಜಗ್ಗುವುದಿಲ್ಲ. ಎರಡನೆಯದು ಜಗ್ಗುತ್ತದೆ, ಆದರೆ ಪ್ರತಿ ಸಲ ಜಗ್ಗಿದಾಗಲೂ ದುಡ್ಡು ಕಟ್ಟಬೇಕು, ಜೊತೆಗೆ ಜಡ್ಜ್ ತಾಳ್ಮೆಯೂ ಸ್ವಲ್ಪ ಸ್ವಲ್ಪ ಕರಗುತ್ತದೆ.

ಮೊದಲ ಗಡುವು ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆಯೇ ಓಡುತ್ತಿರುತ್ತದೆ. ಅದು ಕಾಲಮಿತಿ, 1963ರ ಲಿಮಿಟೇಶನ್ ಕಾಯ್ದೆಯದು. ಮಾಲು ಮಾರಿದ ಬಾಕಿಗೆ 3 ವರ್ಷ. ಯಾವತ್ತಿನಿಂದ 3 ವರ್ಷ? ಇಷ್ಟು ದಿನದೊಳಗೆ ಕೊಡಬೇಕು ಎಂದು ಮಾತಾಗಿರದಿದ್ದರೆ ಮಾಲು ತಲುಪಿದ ದಿನದಿಂದ. 30 ದಿನ, 45 ದಿನ ಎಂದು ಸಾಲದ ಅವಧಿ ಗೊತ್ತುಮಾಡಿದ್ದರೆ ಆ ಅವಧಿ ಮುಗಿದ ದಿನದಿಂದ. ಇಲ್ಲಿ ಮಂಡಿಯವರು ಸಾಮಾನ್ಯವಾಗಿ ಮರೆಯುವುದು ಏನೆಂದರೆ, ಒಂದೊಂದು ಬಿಲ್ಲಿಗೂ ಅದರದೇ ಲೆಕ್ಕ. ನಾಲ್ಕು ಲೋಡ್ ಕಳಿಸಿ ಕೊನೆಯ ಲೋಡಿನ ದಿನ ನೆನಪಿಟ್ಟುಕೊಂಡು ಕೂತರೆ ಮೊದಲ ಲೋಡಿನ ದುಡ್ಡು ಕಾಲಮಿತಿ ಮೀರಿ ಕೈಬಿಟ್ಟು ಹೋಗಿರಬಹುದು. "ನಮ್ಮದು ಓಡುತ್ತಿರುವ ಖಾತೆ ಸ್ವಾಮಿ" ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಅದರ ನಿಯಮ ಬೇರೆ. ಎರಡೂ ಕಡೆಯಿಂದ ಕೊಡು-ಕೊಳ್ಳುವ ವ್ಯವಹಾರ ಇರಬೇಕು, ಒಬ್ಬರು ಮಾರುವುದು, ಇನ್ನೊಬ್ಬರು ದುಡ್ಡು ಕಟ್ಟುವುದು ಅಷ್ಟೇ ಆದರೆ ಸಾಲದು.

3 ವರ್ಷದೊಳಗೆ ಆ ಕಂಪನಿಯವರು "ಇಷ್ಟು ಬಾಕಿ ಇದೆ" ಎಂದು ಸಹಿ ಮಾಡಿ ಬರೆದುಕೊಟ್ಟರೆ ಆ ದಿನದಿಂದ ಹೊಸ ಲೆಕ್ಕ ಶುರು. ಸ್ವಲ್ಪ ದುಡ್ಡು ಕೊಟ್ಟರೂ ಹೊಸ ಲೆಕ್ಕ ಶುರುವಾಗುತ್ತದೆ, ಆದರೆ ಕೊಟ್ಟಿದ್ದಕ್ಕೆ ಅವರ ಕೈಬರಹದ ಅಥವಾ ಸಹಿಯ ಆಧಾರ ಇರಬೇಕು. ಇದೆಲ್ಲ 3 ವರ್ಷ ಮುಗಿಯುವ ಮುಂಚೆ ಆಗಬೇಕು. ಮುಗಿದ ಮೇಲೆ ಬರೆಸಿಕೊಂಡು ಬಂದ ಬ್ಯಾಲೆನ್ಸ್ ಕನ್ಫರ್ಮೇಶನ್ ಇಟ್ಟುಕೊಂಡು ಈ ಲೆಕ್ಕ ಮತ್ತೆ ಎಬ್ಬಿಸಲಾಗುವುದಿಲ್ಲ. ಆಡಿಟರ್ ಕೇಳುತ್ತಾರೆ ಅಂತ ವರ್ಷಕ್ಕೊಂದು ಸಲ ಪಾರ್ಟಿಗಳಿಂದ ಬಾಕಿ ಪತ್ರಕ್ಕೆ ಸಹಿ ಹಾಕಿಸುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಬೇಡಿ. ಕೋರ್ಟಿಗೆ ಅದೇ ದೊಡ್ಡ ಆಸ್ತಿ.

ಈಗ ಲೆಕ್ಕ ಸುಲಭವಾಗಲಿ ಅಂತ ಒಂದಷ್ಟು ತಾರೀಕು ಊಹೆ ಮಾಡಿಕೊಳ್ಳೋಣ. ಮೊದಲ ಲೋಡ್ ತಲುಪಿದ್ದು 2023ರ ಜೂನ್ 12. ಸಾಲದ ಅವಧಿ ಅಂತ ಏನೂ ಮಾತಾಗಿಲ್ಲ. ಅಂದರೆ 2026ರ ಜೂನ್ 12ರೊಳಗೆ ದಾವೆ ದಾಖಲಾಗಬೇಕು.

ಆದರೆ ನೇರವಾಗಿ ದಾವೆ ಹಾಕುವ ಹಾಗಿಲ್ಲ. 2018ರ ತಿದ್ದುಪಡಿಯಲ್ಲಿ 12ಎ ಎಂಬ ಸೆಕ್ಷನ್ ಸೇರಿಸಿದರು. ತುರ್ತಾಗಿ ತಡೆಯಾಜ್ಞೆಯಂಥದ್ದು ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಿ ರಾಜಿಗೆ ಪ್ರಯತ್ನ ಮಾಡಿ ಬರಬೇಕು. ಇದನ್ನು ನಡೆಸುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಅರ್ಜಿಗೆ 1,000 ರೂಪಾಯಿ. ಅವರು ಎದುರು ಪಾರ್ಟಿಗೆ ನೋಟಿಸ್ ಕಳಿಸುತ್ತಾರೆ, ಬರದಿದ್ದರೆ ಇನ್ನೊಂದು ನೋಟಿಸ್. ಆಗಲೂ ಬರದಿದ್ದರೆ ಅಥವಾ ಬಂದು "ನಮಗೆ ಇದು ಬೇಡ" ಅಂದರೆ, ಮಧ್ಯಸ್ಥಿಕೆ ಶುರುವೇ ಆಗಲಿಲ್ಲ ಎಂದು ಒಂದು ವರದಿ ಕೊಡುತ್ತಾರೆ. ಆ ಕಾಗದ ದಾವೆಯ ಜೊತೆ ಇರಲೇಬೇಕು. ಇಬ್ಬರೂ ಕೂತರೆ ಮಾತುಕತೆಗೆ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. 10 ಲಕ್ಷದಿಂದ 50 ಲಕ್ಷದವರೆಗಿನ ವಿವಾದಕ್ಕೆ ಮಧ್ಯಸ್ಥಿಕೆಯ ಫೀಸು 30,000, ಅದನ್ನು ಇಬ್ಬರೂ ಅರ್ಧರ್ಧ ಕಟ್ಟಬೇಕು.

ತುಂಬಾ ಜನ ಇದನ್ನು ಒಂದು ಸಹಿ ಹಾಕಿ ಬರುವ ಶಾಸ್ತ್ರ ಅನ್ನುವಂತೆ ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಜಿಲ್ಲೆಯಲ್ಲಿ ವ್ಯಾಪಾರ ಮಾಡಿಕೊಂಡಿರುವವರು, ನಾಳೆ ಮತ್ತೆ ಮುಖ ನೋಡಬೇಕಾದವರು, 14 ಲಕ್ಷದಲ್ಲಿ 12 ಲಕ್ಷ ಕಂತಿನಲ್ಲಿ ಬರುವುದಾದರೆ ಅದನ್ನು ಬರೆಸಿಕೊಂಡು ಹೋಗುವುದೇ ಎಷ್ಟೋ ವಾಸಿ. ಅಲ್ಲಿ ಆದ ರಾಜಿ ಪತ್ರಕ್ಕೆ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಪಂಚರು ಕೊಡುವ) ತೀರ್ಪಿನಷ್ಟೇ ಬಲ ಇರುತ್ತದೆ. ಅಂದರೆ ನಾಳೆ ಕಂತು ತಪ್ಪಿಸಿದರೆ ಮೊದಲಿಂದ ದಾವೆ ಹಾಕಬೇಕಿಲ್ಲ, ನೇರವಾಗಿ ಜಾರಿಗೆ ಹೋಗಬಹುದು.

ಇದನ್ನು ಬಿಟ್ಟು ಹಾರಿದರೆ ಏನಾಗುತ್ತದೆ? 2022ರ ಆಗಸ್ಟ್ 17ರಂದು ಪಾಟೀಲ್ ಆಟೋಮೇಶನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು, 12ಎ ಕಡ್ಡಾಯ, ಪಾಲಿಸದ ದಾವೆಯನ್ನು ತಿರಸ್ಕರಿಸಬೇಕು ಎಂದು. ಆಗಸ್ಟ್ 20ರಿಂದ ಇದು ಎಲ್ಲ ಕಡೆ ಲಾಗೂ. ಆಮೇಲೆ ಕೆಲವರು ಒಂದು ಉಪಾಯ ಕಂಡುಕೊಂಡರು. ಬೇಕೋ ಬೇಡವೋ ಒಂದು ತಡೆಯಾಜ್ಞೆ ಅರ್ಜಿ ಸೇರಿಸಿ "ನಮಗೆ ತುರ್ತು" ಅನ್ನುವುದು. 2023ರಲ್ಲಿ ಯಾಮಿನಿ ಮನೋಹರ್ ಕೇಸಿನಲ್ಲಿ ಅದಕ್ಕೂ ಕಡಿವಾಣ ಬಿತ್ತು. ತುರ್ತು ನಿಜವಾಗಿ ಇದೆಯಾ, ಸುಮ್ನೆ ವೇಷ ಹಾಕಿದ್ದಾ ಎಂದು ಜಡ್ಜ್ ನೋಡಬಹುದು. ಬಾಕಿ ವಸೂಲಿಯಲ್ಲಿ ತುರ್ತು ತೋರಿಸುವುದು ಕಷ್ಟ, ಎದುರಿನವರು ಫ್ಯಾಕ್ಟರಿ ಮಾರಿಕೊಂಡು ಊರು ಬಿಡುತ್ತಿದ್ದಾರೆ ಎಂಬಂಥ ಆಧಾರ ಕೈಯಲ್ಲಿದ್ದರೆ ಮಾತು ಬೇರೆ.

ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ. ಆದರೆ ಅದನ್ನೇ ನೆಚ್ಚಿಕೊಂಡು ಕೊನೆಯ ವಾರಕ್ಕೆ ಹೋಗಬೇಡಿ. ಯಾವ ದಿನದಿಂದ ಯಾವ ದಿನದವರೆಗೆ ಬಿಡಬೇಕು ಎಂಬುದೇ ಎದುರಿನ ವಕೀಲರಿಗೆ ಒಂದು ವಾದವಾಗುತ್ತದೆ. ನಮ್ಮ ಉದಾಹರಣೆಯ ಮಂಡಿಯವರು 2026ರ ಜನವರಿಯಲ್ಲಿ ಅರ್ಜಿ ಹಾಕಿ, ಕಂಪನಿಯವರು ಬಾರದೆ ವರದಿ ಪಡೆದು, ಫೆಬ್ರವರಿ 20ರಂದು ದಾವೆ ಹಾಕಿದರು ಎಂದಿಟ್ಟುಕೊಳ್ಳಿ.

ಆ ದಿನ ಏನೇನು ಹಾಕಬೇಕು ಅನ್ನುವುದರಲ್ಲೇ ಅರ್ಧ ಕೇಸಿದೆ. ಮಾಮೂಲಿ ದಾವೆಯಲ್ಲಿ "ಮಿಕ್ಕಿದ ಕಾಗದ ಆಮೇಲೆ ಕೊಡ್ತೀವಿ" ಅನ್ನುವ ರೂಢಿ ಇದೆ. ವಾಣಿಜ್ಯ ದಾವೆಯಲ್ಲಿ ನಿಮ್ಮ ಹತ್ತಿರ ಇರುವ ಎಲ್ಲ ದಾಖಲೆಯನ್ನೂ ದಾವೆಯ ಜೊತೆಗೇ ಹಾಕಬೇಕು. ನಿಮಗೆ ಅನುಕೂಲವಾದದ್ದು ಮಾತ್ರ ಅಂತಲ್ಲ, ಕೇಸಿಗೆ ಸಂಬಂಧಪಟ್ಟಿದ್ದು ನಿಮಗೆ ವಿರುದ್ಧವಾಗಿದ್ದರೂ ಹಾಕಬೇಕು. "ನನ್ನ ಬಳಿ ಇರುವುದೆಲ್ಲ ಇಷ್ಟೇ" ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ತುರ್ತಿನಲ್ಲಿ ಹಾಕಿದ ದಾವೆಗೆ ಮಾತ್ರ, ಕೋರ್ಟ್ ಒಪ್ಪಿದರೆ, ಉಳಿದ ದಾಖಲೆಗೆ 30 ದಿನ ಸಿಗುತ್ತದೆ. ಅದು ಬಿಟ್ಟು ಆಮೇಲೆ ತರುವ ಒಂದೊಂದು ಕಾಗದಕ್ಕೂ ಮೊದಲೇ ಯಾಕೆ ಹಾಕಲಿಲ್ಲ ಎಂಬುದಕ್ಕೆ ಸರಿಯಾದ ಕಾರಣ ಕೊಟ್ಟು ಅನುಮತಿ ಕೇಳಬೇಕು. "ಗುಮಾಸ್ತ ಕೆಲಸ ಬಿಟ್ಟು ಹೋದ, ಫೈಲ್ ಎಲ್ಲಿಟ್ಟಿದ್ದ ಗೊತ್ತಾಗಲಿಲ್ಲ" ಅನ್ನುವುದು ನಿಜವೇ ಇರಬಹುದು, ಆದರೆ ಅದನ್ನು ಕೇಳಿ ಕೇಳಿ ಕೋರ್ಟಿಗೂ ಸಾಕಾಗಿರುತ್ತದೆ.

ಸಣ್ಣ ವ್ಯಾಪಾರಿಗೆ ಈ ನಿಯಮ ಸ್ವಲ್ಪ ಕಠಿಣವೇ. ಬಿಲ್ ಒಂದು ಕಡೆ, ಇ-ವೇ ಬಿಲ್ ಆಡಿಟರ್ ಕಂಪ್ಯೂಟರಿನಲ್ಲಿ, ಲಾರಿ ರಸೀದಿ ಟ್ರಾನ್ಸ್‌ಪೋರ್ಟಿನವರ ಹತ್ತಿರ, ರೇಟು ಮಾತಾಡಿದ್ದು ವಾಟ್ಸ್ಆ್ಯಪಿನಲ್ಲಿ. ಈ ವಾಟ್ಸ್ಆ್ಯಪ್ ವಿಷಯ ಸ್ವಲ್ಪ ನಿಂತು ನೋಡಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಲಗತ್ತಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಮೊದಲು ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರ ಸೆಕ್ಷನ್ 63ರ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಫೋನ್ ಅಥವಾ ಕಂಪ್ಯೂಟರ್ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ದಾವೆ ಹಾಕುವ ಹಿಂದಿನ ದಿನ ಇದಕ್ಕೆ ಓಡಾಡಿದರೆ ಆಗುವುದಿಲ್ಲ. ಫೋನ್ ಬದಲಾಯಿಸುವ ಮುಂಚೆ ಚಾಟ್ ಉಳಿಸಿಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ.

ದಾವೆ ದಾಖಲಾಯಿತು, ನಂಬರ್ ಬಿತ್ತು. ಇನ್ನು ಸಮನ್ಸ್. ಇದಕ್ಕೆ ಪ್ರೊಸೆಸ್ ಫೀ ಕಟ್ಟಿ, ಸರಿಯಾದ ವಿಳಾಸ ಕೊಟ್ಟು, ಪ್ರತಿ ಕೊಡುವುದು ನಿಮ್ಮ ಕಡೆಯ ಕೆಲಸ. ಇದನ್ನೇ ಕೋರ್ಟಿನಲ್ಲಿ ಸ್ಟೆಪ್ಸ್ ತಗೊಳ್ಳುವುದು ಎನ್ನುತ್ತಾರೆ. ಎಷ್ಟೋ ದಾವೆ ಇಲ್ಲೇ ಮಲಗಿಬಿಡುತ್ತವೆ, ಫೀ ಕಟ್ಟದೇ ಹೋದರೆ ದಾವೆಯನ್ನೇ ವಜಾ ಮಾಡುವ ಅಧಿಕಾರವೂ ಕೋರ್ಟಿಗಿದೆ. ಸಮನ್ಸ್ ತರುವ ಕೋರ್ಟಿನ ಅಮೀನರು ಬಂದಾಗ ಎದುರಿನವರು "ಸಾಹೇಬ್ರು ಇಲ್ಲ" ಎಂದು ಹೇಳಿಸಿ ಕಳಿಸಿದರೆ ಬಾಗಿಲಿಗೆ ಅಂಟಿಸಿ ಬರುವ ದಾರಿ ಇದೆ, ಅಂಚೆಯಿದೆ, ಕೊರಿಯರ್ ಇದೆ. ತಪ್ಪಿಸಿಕೊಂಡು ಎಷ್ಟು ದಿನ ಇರುತ್ತಾರೆ? ಆದರೂ ಆ ದಿನಗಳು ನಿಮ್ಮವೇ ಹಾಳಾಗುವುದು.

ಸಮನ್ಸ್ ತಲುಪಿದ ದಿನ ಇಡೀ ಕೇಸಿನಲ್ಲಿ ಅತಿ ಮುಖ್ಯವಾದ ತಾರೀಕು. ಅಲ್ಲಿಂದ ಪ್ರತಿವಾದಿಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ಬರಹದ ಉತ್ತರ, ಹಾಕಲು 30 ದಿನ. ಕಾರಣ ಹೇಳಿ, ಕೋರ್ಟ್ ಅದನ್ನು ಬರೆದುಕೊಂಡು, ಹೇಳಿದಷ್ಟು ಕಾಸ್ಟ್ (ತಡ ಮಾಡಿದ್ದಕ್ಕೆ ಕೋರ್ಟ್ ಕಟ್ಟಿಸುವ ಖರ್ಚಿನ ಹಣ) ಕಟ್ಟಿದರೆ 120ನೇ ದಿನದವರೆಗೆ ಹೋಗಬಹುದು. 120 ದಾಟಿದರೆ ಮುಗಿಯಿತು, ಹಕ್ಕೇ ಹೋಯಿತು. ಮಾಮೂಲಿ ಸಿವಿಲ್ ದಾವೆಯಲ್ಲೂ 30 ಮತ್ತು 90 ದಿನ ಎಂದು ಬರೆದಿದೆ, ಆದರೆ ಅಲ್ಲಿ ಅದು ಕಡ್ಡಾಯವಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಸರಿಯಾದ ಕಾರಣ ಇದ್ದರೆ ಆಮೇಲೂ ತೆಗೆದುಕೊಳ್ಳುತ್ತಾರೆ. ಆ ಅಭ್ಯಾಸದಲ್ಲೇ ಇರುವವರು ಇಲ್ಲಿ ಬಂದು ಸಿಕ್ಕಿಬೀಳುತ್ತಾರೆ.

ಇದಕ್ಕೆ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಎಂಬ ಕೇಸು ನೋಡಿ, ತೀರ್ಪು ಬಂದಿದ್ದು 2019ರ ಫೆಬ್ರವರಿ 12ರಂದು. ದೆಹಲಿಯ ಕೇಸು. ಸಮನ್ಸ್ ತಲುಪಿದ್ದು 2017ರ ಜುಲೈ 14. 120 ದಿನ ಮುಗಿದದ್ದು ನವೆಂಬರ್ 11. ಪ್ರತಿವಾದಿಯವರು ಅಷ್ಟರೊಳಗೆ ಲಿಖಿತ ಹೇಳಿಕೆ ಹಾಕಲಿಲ್ಲ, ಬದಲಿಗೆ ದಾವೆಯನ್ನೇ ತಿರಸ್ಕರಿಸಿ ಎಂದು ಬೇರೆ ಅರ್ಜಿ ಹಾಕಿಕೊಂಡು ಕೂತಿದ್ದರು. ಆ ಅರ್ಜಿ ವಜಾ ಆದ ಮೇಲೆ ಡಿಸೆಂಬರಿನಲ್ಲಿ ಲಿಖಿತ ಹೇಳಿಕೆ ಹಾಕಿದರು. ಹೈಕೋರ್ಟ್ 25,000 ಕಾಸ್ಟ್ ಹಾಕಿ ಒಪ್ಪಿಕೊಂಡಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಿರಸ್ಕಾರದ ಅರ್ಜಿ ಬೇರೆ, ಲಿಖಿತ ಹೇಳಿಕೆ ಬೇರೆ, ಒಂದು ಬಾಕಿ ಇದೆ ಅಂತ ಇನ್ನೊಂದರ ದಿನ ನಿಲ್ಲುವುದಿಲ್ಲ ಎಂದಿತು. ಕಡತಕ್ಕೆ ಸೇರಿದ್ದ ಹೇಳಿಕೆಯನ್ನು ತೆಗೆದುಹಾಕಿಸಿತು. ನೀವು ಪ್ರತಿವಾದಿಯ ಕಡೆ ಇದ್ದರೆ ಇದೊಂದನ್ನು ಮರೆಯಬೇಡಿ: ಯಾವ ಅರ್ಜಿ ಹಾಕಿ, ಬಿಡಿ, 120ರ ಎಣಿಕೆ ಓಡುತ್ತಲೇ ಇರುತ್ತದೆ.

ನಮ್ಮ ಉದಾಹರಣೆಗೆ ಬರೋಣ. ಕಂಪನಿಗೆ ಸಮನ್ಸ್ ತಲುಪಿದ್ದು ಮಾರ್ಚ್ 3. ಆ ದಿನವನ್ನು ಬಿಟ್ಟು ಎಣಿಸಿದರೆ 30ನೇ ದಿನ ಏಪ್ರಿಲ್ 2, 120ನೇ ದಿನ ಜುಲೈ 1. ಮಧ್ಯದಲ್ಲಿ ಬೇಸಿಗೆ ರಜೆ ಬರುತ್ತದಲ್ಲ, ಅದನ್ನು ಕಳೆಯಬಹುದಾ? ಇಲ್ಲ. ಕೋರ್ಟ್ ಮುಚ್ಚಿದ್ದರೂ ದಿನ ಎಣಿಕೆಯಾಗುತ್ತದೆ. ಕೊನೆಯ ದಿನವೇ ರಜೆ ಬಿದ್ದರೆ ತೆರೆದ ದಿನ ಹಾಕಬಹುದು ಎಂಬ ಸಾಮಾನ್ಯ ನಿಯಮವೇನೋ ಇದೆ. ಆದರೆ 120ನೇ ದಿನಕ್ಕೆ ಅದನ್ನು ನಂಬಿ ಕೂರುವವರು ಧೈರ್ಯಶಾಲಿಗಳು, ಬುದ್ಧಿವಂತರು ಎಂದು ನಾನು ಹೇಳಲಾರೆ. ಹೆಚ್ಚುವರಿಯಾಗಿ ಕೊಟ್ಟ ಅವಧಿಗೆ ರಜೆಯ ಲಾಭ ಸಿಗುವುದಿಲ್ಲ ಎಂದು ಆರ್ಬಿಟ್ರೇಶನ್ ಕೇಸುಗಳಲ್ಲಿ ತೀರ್ಪು ಬಂದಿದೆ.

ಹೇಳಿಕೆ ಬಾರದೇ ಹೋದರೆ ಮಂಡಿಯವರು ಅಲ್ಲಿಗೇ ಗೆದ್ದರಾ? ಹಾಗೂ ಅಲ್ಲ. ಕೋರ್ಟ್ ಆಗಲೇ ತೀರ್ಪು ಕೊಡಬಹುದು, ಅಥವಾ ನಿಮ್ಮಿಂದ ಸಾಕ್ಷ್ಯ ಕೇಳಬಹುದು. ಎದುರಿನವರು ತಮ್ಮ ಕತೆ ಹೇಳುವ ಅವಕಾಶ ಕಳೆದುಕೊಂಡಿರುತ್ತಾರೆ, ಆದರೂ ನಿಮ್ಮ ಸಾಕ್ಷಿಗೆ ಪಾಟಿ ಸವಾಲು ಹಾಕಬಹುದು, ಕಾನೂನಿನ ಅಂಶ ಎತ್ತಬಹುದು. ಕಾಲಮಿತಿ ಮೀರಿದ ಬಿಲ್ಲನ್ನು ಯಾರೂ ಎತ್ತಿ ತೋರಿಸದಿದ್ದರೂ ಕೋರ್ಟೇ ತಳ್ಳಿಹಾಕಬೇಕು.

ಇರಲಿ, ಕಂಪನಿಯವರು ಜೂನ್ 8ಕ್ಕೆ, ಅಂದರೆ 97ನೇ ದಿನ, ಕಾಸ್ಟ್ ಕಟ್ಟಿ ಲಿಖಿತ ಹೇಳಿಕೆ ಹಾಕಿದರು ಎನ್ನೋಣ. "ಕೊಬ್ಬರಿ ಮುಗ್ಗಲು ಬಂದಿತ್ತು, ಅದಕ್ಕೇ ದುಡ್ಡು ಕೊಡಲಿಲ್ಲ" ಎನ್ನುವುದು ಅವರ ವಾದ. ಇಲ್ಲೂ ಒಂದು ಕಟ್ಟುಪಾಡಿದೆ. ವಾದಿ ಹೇಳಿದ್ದೆಲ್ಲ ಸುಳ್ಳು ಎಂದು ಒಂದೇ ಸಾಲಿನಲ್ಲಿ ಬರೆದರೆ ನಡೆಯುವುದಿಲ್ಲ. ಯಾವ ಮಾತು ಸುಳ್ಳು, ಯಾಕೆ ಸುಳ್ಳು, ನಿಮ್ಮ ಪ್ರಕಾರ ನಡೆದದ್ದೇನು, ಅದನ್ನು ಬಿಡಿಸಿ ಬರೆಯಬೇಕು. ಮುಗ್ಗಲು ಬಂದಿದ್ದರೆ ಯಾವತ್ತು ಗೊತ್ತಾಯಿತು, ಯಾರಿಗೆ ಹೇಳಿದಿರಿ, ಮಾಲು ಎಲ್ಲಿದೆ? ಇದಕ್ಕೆ ಅವರ ದಾಖಲೆಯೂ ಹೇಳಿಕೆಯ ಜೊತೆಗೇ ಬರಬೇಕು.

ಇನ್ನು ಮುಂದಿನದು ಚಕಚಕ. ಲಿಖಿತ ಹೇಳಿಕೆ ಬಂದ 30 ದಿನದೊಳಗೆ ಎರಡೂ ಕಡೆಯವರು ಒಬ್ಬರ ದಾಖಲೆ ಇನ್ನೊಬ್ಬರು ಪರಿಶೀಲಿಸಬೇಕು, ಅಂದರೆ ಜುಲೈ 8. ಕೋರ್ಟ್ ಮನಸ್ಸು ಮಾಡಿದರೆ ಇನ್ನೊಂದು 30 ದಿನ. ಪರಿಶೀಲನೆ ಮುಗಿದ 15 ದಿನದೊಳಗೆ ಯಾವ ದಾಖಲೆ ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ ಎಂದು ಅಫಿಡವಿಟ್ ಸಮೇತ ಬರೆದುಕೊಡಬೇಕು, ಅದು ಜುಲೈ 23ರ ಹೊತ್ತಿಗೆ.

ಆಮೇಲೆ 4 ವಾರದೊಳಗೆ ಮೊದಲ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್. ನಮ್ಮ ಲೆಕ್ಕದಲ್ಲಿ ಆಗಸ್ಟ್ 20ರೊಳಗೆ.

ಇದು ಜಮೀನು ಕೇಸಿನವರು ಕಂಡೇ ಇರದ ಹಂತ. ಜಡ್ಜ್ ಇಬ್ಬರೂ ವಕೀಲರನ್ನು ಕೂರಿಸಿಕೊಂಡು ಇಡೀ ಕೇಸಿನ ವೇಳಾಪಟ್ಟಿ ಬರೆಯುತ್ತಾರೆ. ಯಾವ ಪ್ರಶ್ನೆಗಳನ್ನು ತೀರ್ಮಾನಿಸಬೇಕು, ಯಾರ್ಯಾರು ಸಾಕ್ಷಿಗಳು, ಅವರ ಅಫಿಡವಿಟ್ ಯಾವತ್ತು ಬರಬೇಕು, ಪಾಟಿ ಸವಾಲು ಯಾವ ದಿನಗಳು, ಲಿಖಿತ ವಾದ ಯಾವತ್ತು, ಬಾಯಿ ವಾದ ಯಾವತ್ತು, ಎಷ್ಟು ಹೊತ್ತು, ಎಲ್ಲವೂ. ಒಂದು ಕಡೆಯ ಎಲ್ಲ ಸಾಕ್ಷಿಗಳ ಅಫಿಡವಿಟ್ ಒಟ್ಟಿಗೇ ಬರಬೇಕು. ಒಬ್ಬರ ಪಾಟಿ ಸವಾಲು ಹೇಗಾಯಿತು ನೋಡಿಕೊಂಡು ಇನ್ನೊಬ್ಬರನ್ನು ತಯಾರು ಮಾಡುವ ಹಳೇ ಆಟಕ್ಕೆ ಇಲ್ಲಿ ಜಾಗ ಇಲ್ಲ. ಸಾಕ್ಷ್ಯ ಆದಷ್ಟೂ ದಿನದಿಂದ ದಿನಕ್ಕೆ ಸತತವಾಗಿ ನಡೆಯಬೇಕು. ಈ ಮೊದಲ ಹಿಯರಿಂಗಿನಿಂದ 6 ತಿಂಗಳೊಳಗೆ ವಾದ ಮುಗಿಯಬೇಕು ಎಂದು ಕಾನೂನು ಹೇಳುತ್ತದೆ, ನಮ್ಮ ಲೆಕ್ಕಕ್ಕೆ 2027ರ ಫೆಬ್ರವರಿ 20.

ನನ್ನ ಪ್ರಕಾರ ಕಕ್ಷಿದಾರರು ತಪ್ಪದೇ ಕೋರ್ಟಿಗೆ ಹೋಗಬೇಕಾದ ದಿನ ಅಂದರೆ ಇದು. ವಕೀಲರು "ನೀವ್ಯಾಕೆ ಬರ್ತೀರಿ, ನಾನು ನೋಡ್ಕೋತೀನಿ" ಅಂದರೂ ಹೋಗಿ. ಹೋಗಲಾಗದಿದ್ದರೆ ನಿಮಗೆ ಆಗದ ದಿನಗಳನ್ನು ಬರೆದು ಕೊಡಿ. ಹರಾಜಿನ ದಿನ ತಿಪಟೂರು ಬಿಟ್ಟು ಸುಮಾರು 75 ಕಿಲೋಮೀಟರ್ ದೂರದ ತುಮಕೂರಿಗೆ ಬಂದು ಸಾಕ್ಷಿಕಟ್ಟೆ ಹತ್ತಲು ಯಾವ ಮಂಡಿಯವರಿಗೂ ಇಷ್ಟವಿರುವುದಿಲ್ಲ. ಲಾರಿಗೆ ಮಾಲು ತುಂಬಿಸಿದ ಗುಮಾಸ್ತ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ ಅವನಿಗೆ ರಜೆ ಯಾವಾಗ ಸಿಗುತ್ತದೆ ಕೇಳಿ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ಮನೆಯಲ್ಲಿ ಮದುವೆ, ಜಿಎಸ್‌ಟಿ ರಿಟರ್ನ್ ಕಟ್ಟುವ ವಾರ, ಎಲ್ಲ ಮೊದಲೇ ಹೇಳಿ. ವೇಳಾಪಟ್ಟಿ ಬರೆಯುವಾಗ ಹೇಳಿದರೆ ಅದು ಅನುಕೂಲ ನೋಡಿ ದಿನ ಗೊತ್ತುಮಾಡಿದಂತೆ. ಬರೆದ ಮೇಲೆ ಅದೇ ಮಾತು ಹೇಳಿದರೆ ವಾಯಿದೆ ಕೇಳಿದಂತೆ, ಅದಕ್ಕೆ ಕಾಸ್ಟ್ ಬೀಳುತ್ತದೆ.

ಜಡ್ಜ್ ಹಾಕಿದ ಗಡುವು ತಪ್ಪಿದರೆ ಏನೇನಾಗಬಹುದು ಎಂದು ಈ ಕೇಸ್ ಮ್ಯಾನೇಜ್‌ಮೆಂಟ್ ನಿಯಮದಲ್ಲೇ ಇದೆ. ಸಣ್ಣದಾದರೆ ಕಾಸ್ಟ್ ಕಟ್ಟಿಸಿಕೊಂಡು ಮನ್ನಿಸುತ್ತಾರೆ. ಅದಕ್ಕೂ ಮೇಲಾದರೆ ನಿಮ್ಮ ಅಫಿಡವಿಟ್ ಹಾಕುವ, ಪಾಟಿ ಸವಾಲು ಮಾಡುವ, ವಾದ ಮಾಡುವ ಹಕ್ಕನ್ನೇ ಮುಚ್ಚಬಹುದು. ಬೇಕಂತಲೇ ಮತ್ತೆ ಮತ್ತೆ ಮಾಡಿದರೆ, ಕಾಸ್ಟ್ ಹಾಕಿದರೂ ಬಗ್ಗದಿದ್ದರೆ, ವಾದಿಯ ದಾವೆಯನ್ನು ವಜಾ ಮಾಡಬಹುದು ಅಥವಾ ಪ್ರತಿವಾದಿಯ ವಿರುದ್ಧ ದಾವೆಯನ್ನು ಪುರಸ್ಕರಿಸಬಹುದು. ವಕೀಲರು ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್ ಮುಂದಕ್ಕೆ ಹಾಕುವ ಹಾಗಿಲ್ಲ. ಮೊದಲೇ ಅರ್ಜಿ ಕೊಟ್ಟಿದ್ದರೆ ಕಾಸ್ಟ್ ಮೇಲೆ ಹಾಕಬಹುದು. ಇನ್ನೊಂದು ವಿಷಯ ಕೇಳಿದರೆ ನಗು ಬರಬಹುದು: "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ" ಎನ್ನುವುದು ವಾಯಿದೆಗೆ ಕಾರಣವಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿದೆ, ಒಂದು ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತಲೂ ಇದೆ. ಇದು ಎಲ್ಲ ಸಿವಿಲ್ ದಾವೆಗೂ ಇರುವ ನಿಯಮ. ಯಾವುದಾದರೂ ಕೋರ್ಟ್ ಹಾಲಿನಲ್ಲಿ ಒಂದು ಗಂಟೆ ಕೂತು ನೋಡಿ, ಅದು ಎಷ್ಟರ ಮಟ್ಟಿಗೆ ನಡೆಯುತ್ತಿದೆ ಎಂದು ನಿಮಗೇ ತಿಳಿಯುತ್ತದೆ.

ಮಧ್ಯಂತರ ಆದೇಶವೊಂದು ಇಷ್ಟವಾಗಲಿಲ್ಲ ಎಂದು ಮೇಲಿನ ಕೋರ್ಟಿಗೆ ರಿವಿಷನ್ (ಮರುಪರಿಶೀಲನೆ) ಅರ್ಜಿ ಹಾಕಿ ಕೇಸನ್ನು ವರ್ಷಗಟ್ಟಲೆ ನಿಲ್ಲಿಸುವ ದಾರಿಯನ್ನು ಕಾಯ್ದೆಯ ಸೆಕ್ಷನ್ 8 ಮುಚ್ಚಿದೆ. ಇದು ನನಗೆ ಈ ಕಾಯ್ದೆಯಲ್ಲಿ ತುಂಬಾ ಇಷ್ಟವಾದ ಭಾಗ.

ಬಾಯಿ ವಾದ ಶುರುವಾಗುವುದಕ್ಕೆ 4 ವಾರದ ಮುಂಚೆ ಲಿಖಿತ ವಾದ ಕೊಡಬೇಕು. ವಾದ ಮುಗಿದ ಮೇಲೆ ತಿದ್ದಿದ ಲಿಖಿತ ವಾದಕ್ಕೆ ಒಂದು ವಾರ. ಆಮೇಲೆ 90 ದಿನದೊಳಗೆ ತೀರ್ಪು. ಫೆಬ್ರವರಿ 20ಕ್ಕೆ ವಾದ ಮುಗಿದಿದ್ದರೆ 2027ರ ಮೇ 21. ದಾವೆ ಹಾಕಿದ ದಿನದಿಂದ ಸುಮಾರು 15 ತಿಂಗಳು. ಎಲ್ಲವೂ ಬರೆದ ಹಾಗೆ ನಡೆದರೆ, ಅಷ್ಟೇ. ಜಿಲ್ಲಾ ಕೇಂದ್ರಗಳಲ್ಲಿ ಎಷ್ಟೋ ಕಡೆ ವಾಣಿಜ್ಯ ದಾವೆ ಕೇಳುವ ಜಡ್ಜ್ ಮುಂದೆಯೇ ಕ್ರಿಮಿನಲ್ ಕೇಸು, ಅಪೀಲು, ಜಾಮೀನು ಅರ್ಜಿ ಎಲ್ಲ ಇರುತ್ತವೆ. ವರ್ಗಾವಣೆ ಆಗುತ್ತದೆ, ಕೆಲವೊಮ್ಮೆ ಕುರ್ಚಿ ಖಾಲಿ ಇರುತ್ತದೆ. 6 ತಿಂಗಳ ನಿಯಮ ಮೀರಿತು ಎಂದು ದಾವೆ ಬಿದ್ದುಹೋಗುವುದಿಲ್ಲ, ಪಾರ್ಟಿಗಳ ತಪ್ಪಿಗೆ ಇರುವಂಥ ದಂಡ ಕೋರ್ಟಿನ ವಿಳಂಬಕ್ಕೆ ಇಲ್ಲ. ಹೀಗಾಗಿ ನೀವು ಉಳಿಸಬಹುದಾದ ದಿನಗಳೆಂದರೆ ನಿಮ್ಮ ಕೈಯಲ್ಲಿರುವವು ಮಾತ್ರ.

ಅವನ್ನು ಗಮನಿಸಲು ವಕೀಲರ ಡೈರಿಯೊಂದನ್ನೇ ನಂಬಬೇಡಿ. ದಾವೆಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ, ನಮ್ಮ ರಾಜ್ಯದ್ದು ಕೆಎ ಎಂದು ಶುರುವಾಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ಡೇಟ್, ಹಿಂದಿನ ಡೇಟಿನಲ್ಲಿ ಏನಾಯಿತು, ಈಗ ಯಾವ ಹಂತ ಎಲ್ಲ ಬರುತ್ತದೆ. ಆದರೆ ಆ್ಯಪ್ ತೋರಿಸುವುದು ಹಿಯರಿಂಗ್ ಡೇಟ್, ಫೈಲಿಂಗ್ ಗಡುವಲ್ಲ. ಈ ಎರಡನ್ನು ಒಂದೇ ಅಂದುಕೊಂಡು ಕೆಟ್ಟವರಿದ್ದಾರೆ. ಮುಂದಿನ ಡೇಟ್ ಜುಲೈ 20 ಎಂದು ತೋರಿಸುತ್ತಿರಬಹುದು, ಲಿಖಿತ ಹೇಳಿಕೆಯ ಕೊನೆ ದಿನ ಜುಲೈ 1ಕ್ಕೇ ಮುಗಿದಿರುತ್ತದೆ. "ಇನ್ನೂ ಡೇಟ್ ಬಂದಿಲ್ಲವಲ್ಲ" ಎಂದು ಕೂತರೆ ಡೇಟ್ ಬರುವಷ್ಟರಲ್ಲಿ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ತೀರ್ಪು ಬಂದ ಮೇಲೆ ಅಪೀಲಿಗೆ 60 ದಿನ. ತೀರ್ಪಿನ ಸರ್ಟಿಫೈಡ್ ಕಾಪಿ ಸಿಗಲು ಹಿಡಿದ ದಿನಗಳನ್ನು ಬಿಡುತ್ತಾರೆ, ಆದರೆ ಅದಕ್ಕೆ ನೀವು ಬೇಗ ಅರ್ಜಿ ಹಾಕಿರಬೇಕು. ತಡವಾದ ಅಪೀಲನ್ನು ಮನ್ನಿಸುವುದು ಅಪರೂಪಕ್ಕೆ, ಅದೂ ಸ್ವಲ್ಪ ದಿನದ ತಡಕ್ಕೆ ಮಾತ್ರ ಎಂದು 2021ರಲ್ಲಿ ಬೋರ್ಸೆ ಬ್ರದರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರವೇ ಅಪೀಲುದಾರ ಆಗಿದ್ದರೂ ವಿಶೇಷ ರಿಯಾಯಿತಿ ಇಲ್ಲ ಅಂತಲೂ ಅದರಲ್ಲಿದೆ.

ಮಂಡಿಯವರು ಗೆದ್ದು ಡಿಕ್ರಿ, ಅಂದರೆ ಇಷ್ಟು ಹಣ ಕೊಡಬೇಕು ಎಂಬ ಕೋರ್ಟಿನ ಆದೇಶ, ಕೈಗೆ ಬಂದರೆ ಅದನ್ನು ಜಾರಿ ಮಾಡಿಸಲು ಕಾನೂನು 12 ವರ್ಷ ಕೊಡುತ್ತದೆ. ಇಷ್ಟು ದಿನ ಓಡಿಸಿದ ಕಾನೂನು ಇದ್ದಕ್ಕಿದ್ದಂತೆ ಧಾರಾಳವಾಗಿಬಿಡುತ್ತದೆ, ಅದನ್ನು ನೋಡಿ ಸುಮ್ನೆ ಕೂರಬೇಡಿ. ಎದುರಿನವರು ಅಪೀಲು ಹಾಕಿದ್ದೇವೆ ಎಂದರೆ, ತಡೆಯಾಜ್ಞೆ ಬಂದಿದೆಯಾ ಕೇಳಿ. ಅಪೀಲು ಹಾಕಿದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ಹಣದ ಡಿಕ್ರಿಯಾದರೆ ತಡೆ ಕೊಡುವ ಮುಂಚೆ ಹಣ ಠೇವಣಿ ಇಡಿ ಅಥವಾ ಭದ್ರತೆ ಕೊಡಿ ಎಂದು ಹೈಕೋರ್ಟ್ ಹೇಳಬಹುದು. ತಡೆ ಇಲ್ಲದಿದ್ದರೆ ಜಾರಿ ಅರ್ಜಿ ಹಾಕಿ, ಕಂಪನಿಯ ಆಸ್ತಿ ಏನೇನಿದೆ ಎಂದು ಅಫಿಡವಿಟ್ ಮೂಲಕ ಹೇಳಿಸಿ ಎಂದು ಕೋರ್ಟನ್ನು ಕೇಳಿ. ವಸಂತನರಸಾಪುರದ ಶೆಡ್ಡಿನಲ್ಲಿ ಮಿಷಿನ್ ಇನ್ನೂ ಇದೆಯಾ, ಬ್ಯಾಂಕಿಗೆ ಅಡವಾಗಿದೆಯಾ ಎಂಬುದನ್ನು ಆ ಹೊತ್ತಿಗೆ ನೀವೂ ವಿಚಾರಿಸಿಕೊಂಡಿರಬೇಕು.